ಟಿವಿ ಚಿತ್ರ 4 ನಿಮಿಷ 20 ಸೆಕೆಂಡಿಗೆ ನಿಲ್ಲೋದ್ಯಾಕೆ? ಮಲ್ಟಿಕಾಸ್ಟ್ ಗುಂಪಿನ ಸದಸ್ಯತ್ವ, ಬುಡದಿಂದ ಸೆಟಪ್ ತನಕ

ಶಿರಸಿ ಕಡೆ ಒಂದು ಕಲ್ಯಾಣ ಮಂಟಪದಲ್ಲಿ ರಾತ್ರಿ ಪೂರ್ತಿ ಯಕ್ಷಗಾನದ ಆಟ ಇತ್ತು. ರಂಗಸ್ಥಳದ ಎದುರು ಒಂದು ಕ್ಯಾಮೆರಾ, ಅದರ ಚಿತ್ರವನ್ನ ನೆಟ್‌ವರ್ಕಿಗೆ ಹಾಕೋ ಒಂದು ಎನ್‌ಕೋಡರ್, ಅಲ್ಲಿಂದ ಆರು ಟಿವಿಗೆ ಚಿತ್ರ ಹೋಗ್ಬೇಕು, ಊಟದ ಹಾಲಲ್ಲಿ ಎರಡು, ಹೊರಗೆ ಪೆಂಡಾಲಲ್ಲಿ ಎರಡು, ಬಾಲ್ಕನಿಯಲ್ಲಿ ಒಂದು, ಚೌಕಿಯಲ್ಲಿ ಒಂದು. ಮಧ್ಯಾಹ್ನ ಊಟದ ಹಾಲಲ್ಲಿ ಟೆಸ್ಟ್ ಮಾಡ್ದಾಗ ಚಿತ್ರ ಚೆನ್ನಾಗೇ ಬಂತು, ಎರಡು ನಿಮಿಷ ನೋಡಿ ಸರಿ ಇದೆ ಅಂತ ಚಾ ಕುಡಿಯೋಕೆ ಹೋದೆ. ರಾತ್ರಿ ಆಟ ಶುರುವಾಗಿ ಐದು ನಿಮಿಷ ಆಗಿಲ್ಲ, ಮಂಟಪದ ಯಜಮಾನ್ರು ಬಂದು "ತಮಾ, ಇದೆಂತದೋ ಇದು, ಭಾಗವತ್ರು ಬಾಯಿ ತೆಗ್ದಲ್ಲೇ ನಿಂತ್ಬಿಟ್ರಲೋ" ಅಂದ್ರು. ಊಟದ ಹಾಲಿಗೆ ಹೋಗಿ ನೋಡಿದ್ರೆ ಹೌದು, ಚಿತ್ರ ಹೆಪ್ಪುಗಟ್ಟಿ ನಿಂತಿದೆ. ಟಿವಿ ಆಫ್ ಮಾಡಿ ಆನ್ ಮಾಡಿದ್ರೆ ಮತ್ತೆ ಬರುತ್ತೆ, ಮತ್ತೆ ನಾಲ್ಕು ಚಿಲ್ರೆ ನಿಮಿಷಕ್ಕೆ ನಿಲ್ಲುತ್ತೆ. ಕೇಬಲ್ ಬದಲಿಸ್ದೆ, ಸ್ವಿಚ್ ಬದಲಿಸ್ದೆ, ಎನ್‌ಕೋಡರ್ ರೀಸ್ಟಾರ್ಟ್ ಮಾಡ್ದೆ, ಬೆಳಗಿನ ತನಕ ಅಷ್ಟಷ್ಟು ಹೊತ್ತಿಗೆ ಟಿವಿ ಆಫ್ ಆನ್ ಮಾಡ್ಕೊಂಡೇ ರಾತ್ರಿ ಕಳೀತು.

ಮಾರನೇ ದಿನ ಗಡಿಯಾರ ಇಟ್ಕೊಂಡು ಅಳೆದೆ. ಪ್ರತಿ ಸಲ 4 ನಿಮಿಷ 20 ಸೆಕೆಂಡಿನ ಆಸುಪಾಸು, ಅಂದ್ರೆ 260 ಸೆಕೆಂಡ್. ಈ 260 ಎಲ್ಲಿಂದ ಬಂತು ಅಂತ ಹುಡುಕ್ತಾ ಹೋದಾಗ್ಲೇ ನಂಗೆ ಮಲ್ಟಿಕಾಸ್ಟ್, ಅಂದ್ರೆ ಒಂದೇ ಸಲ ಕಳ್ಸಿ ಕೇಳಿದೋರಿಗೆಲ್ಲ ಮುಟ್ಟಿಸೋ ವಿಧಾನ, ಅರ್ಥ ಆಗಿದ್ದು. ಮಂಟಪ, ಹೋಂಸ್ಟೇ, ರೆಸಾರ್ಟ್, ಕಾಲೇಜು ಅಂತ ಒಂದೇ ಚಿತ್ರವನ್ನ ಹತ್ತಾರು ಕಡೆ ಕೊಡೋ ಕೆಲಸ ಮಾಡೋರಿಗೆ ಇದು ಬೇಕೇ ಬೇಕು, ಆದ್ರೆ ಕನ್ನಡದಲ್ಲಿ ಇದನ್ನ ಕೂತು ಹೇಳೋರು ಕಮ್ಮಿ, ಅದಕ್ಕೆ ಗೊತ್ತಿರೋದನ್ನೆಲ್ಲ ಇಲ್ಲಿ ಬರೀತಿದೀನಿ. ಮ್ಯಾನೇಜ್ಡ್ ಸ್ವಿಚ್ ಒಂದನ್ನ ಲಾಗಿನ್ ಮಾಡಿ ಮೆನು ನೋಡಿ ಗೊತ್ತಿದ್ರೆ ಸಾಕು, ಉಳಿದದ್ದು ಓದ್ತಾ ಹೋದ ಹಾಗೆ ಸಿಗುತ್ತೆ.

ಹಂತ 1: ಮೊದ್ಲು ನಿಮಗೆ ಮಲ್ಟಿಕಾಸ್ಟ್ ಬೇಕಾ ನೋಡಿ

ಲೆಕ್ಕ ಸುಲಭ. ಒಂದು ಚಿತ್ರ 8 ಎಂಬಿಪಿಎಸ್, ಅಂದ್ರೆ ಸೆಕೆಂಡಿಗೆ 8 ಮೆಗಾಬಿಟ್ ಅಂದ್ಕೊಳ್ಳಿ. ಆರು ಟಿವಿಗೆ ಬೇರೆ ಬೇರೆಯಾಗಿ ಕಳ್ಸಿದ್ರೆ ಎನ್‌ಕೋಡರ್‌ನಿಂದ 48 ಎಂಬಿಪಿಎಸ್ ಹೊರಡ್ಬೇಕು, 40 ರೂಮಿನ ರೆಸಾರ್ಟ್ ಆದ್ರೆ 320. ಮಲ್ಟಿಕಾಸ್ಟ್‌ನಲ್ಲಿ ಎಷ್ಟೇ ಟಿವಿ ಇರ್ಲಿ ಎನ್‌ಕೋಡರ್‌ನಿಂದ ಹೊರಡೋದು 8 ಮಾತ್ರ, ಪ್ರತಿ ಕೊಂಡಿಯಲ್ಲೂ ಒಂದೇ ಪ್ರತಿ ಹೋಗುತ್ತೆ, ದಾರಿ ಕವಲೊಡೆಯೋ ಜಾಗದಲ್ಲಿ ಸ್ವಿಚ್ಚೇ ನಕಲು ಮಾಡುತ್ತೆ. ಎರಡು ಟಿವಿಗೆ ಇಷ್ಟೆಲ್ಲ ತಲೆಬಿಸಿ ಬೇಡ, ನೇರ ಕಳ್ಸಿ. ಇನ್ನೊಂದು ವಿಷ್ಯ, ಬೆಂಗಳೂರಲ್ಲಿರೋ ನೆಂಟರಿಗೂ ಇದರಲ್ಲೇ ಆಟ ತೋರಿಸ್ಬಹುದಾ ಅಂತ ತುಂಬಾ ಜನ ಕೇಳ್ತಾರೆ. ಆಗಲ್ಲ. ನಮ್ಮ ಬ್ರಾಡ್‌ಬ್ಯಾಂಡ್ ಲೈನಿಂದ ಸಾರ್ವಜನಿಕ ಇಂಟರ್ನೆಟ್‌ಗೆ ಮಲ್ಟಿಕಾಸ್ಟ್ ದಾಟಲ್ಲ, ಅವರಿಗೆ ಯೂಟ್ಯೂಬ್ ಲೈವ್ ಬೇರೆ ಇಡ್ಬೇಕು.

ಹಂತ 2: ಪಂಕ್ತಿ ಊಟ ನೆನಪಿಟ್ಕೊಳ್ಳಿ

ಇದನ್ನ ಸರಿಯಾಗಿ ತಲೆಗೆ ಹಾಕ್ಕೊಂಡ್ರೆ ಮುಂದಿನದೆಲ್ಲ ತಾನಾಗೇ ಬರುತ್ತೆ, ಅದಕ್ಕೆ ಸ್ವಲ್ಪ ಉದ್ದ ಹೇಳ್ತೀನಿ.

ಮಲ್ಟಿಕಾಸ್ಟ್‌ನಲ್ಲಿ ಕಳ್ಸೋನಿಗೆ ಯಾರು ನೋಡ್ತಿದಾರೆ ಅಂತ ಗೊತ್ತೇ ಇರಲ್ಲ. ಅವನು ಒಂದು ಗುಂಪಿನ ವಿಳಾಸಕ್ಕೆ ಕಳಿಸ್ತಾ ಹೋಗ್ತಾನೆ ಅಷ್ಟೇ, ಅವನು ಆ ಗುಂಪಿನ ಸದಸ್ಯ ಆಗಿರ್ಬೇಕು ಅಂತನೂ ಇಲ್ಲ. ಸದಸ್ಯರ ಹೆಸರು ಬರ್ಕೊಂಡ ರಿಜಿಸ್ಟರ್ ಯಾರ ಹತ್ರನೂ ಇಲ್ಲ. ಈ ವಿಚಾರವನ್ನ ಸ್ಟೀವ್ ಡೀರಿಂಗ್ ರೂಪಿಸಿದ್ರು, 1989ರಲ್ಲಿ ಇಂಟರ್ನೆಟ್ ನಿಯಮ ಬರೆದಿಡೋ ದಾಖಲೆ ಸರಣಿಯಲ್ಲಿ ಆರ್‌ಎಫ್‌ಸಿ 1112 ಅಂತ ಬಂತು, ಅದರಲ್ಲೇ ಐಜಿಎಂಪಿಯ ಮೊದಲ ಆವೃತ್ತಿ ಇದೆ. ಐಜಿಎಂಪಿ ಅಂದ್ರೆ ಟಿವಿ ಅಥವಾ ಕಂಪ್ಯೂಟರು ತನ್ನ ಪಕ್ಕದ ರೌಟರಿಗೆ "ನಂಗೆ ಈ ಗುಂಪಿನದ್ದು ಬೇಕು" ಅಂತ ಹೇಳೋ ಭಾಷೆ.

ಈಗ ಪಂಕ್ತಿ. ಬಡಿಸೋರು ಪಾಯಸದ ಬಕೆಟ್ ಹಿಡ್ಕೊಂಡು ಬಂದು "ಪಾಯಸ ಬೇಕಾ ಪಾಯಸ" ಅಂತ ಕೇಳ್ತಾರೆ. ಇದು ಕ್ವೆರಿ. ಪಂಕ್ತಿಯಲ್ಲಿ ಒಬ್ರು "ಇತ್ಲಾಗೆ ಬನ್ನಿ" ಅಂದ್ರೆ ಸಾಕು, ಆ ಸಾಲಿಗೆ ಬಕೆಟ್ ಬರುತ್ತೆ, ಉಳಿದೋರು ಕೂಗೋ ಅಗತ್ಯ ಇಲ್ಲ. ಇದು ರಿಪೋರ್ಟ್. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಬಂದು ಕೇಳ್ತಾರೆ, ಯಾರೂ ಮಾತಾಡ್ಲಿಲ್ಲ ಅಂದ್ರೆ ಆ ಸಾಲಿಗೆ ಸಾಕಾಯ್ತು ಅಂತ ಲೆಕ್ಕ. ಹೀಗೆ ಪದೇ ಪದೇ ವಿಚಾರಿಸೋದ್ರಿಂದ್ಲೇ ವ್ಯವಸ್ಥೆ ನಡೀತಿದೆ. ವಿಚಾರಿಸೋರೇ ಇಲ್ಲ ಅಂದ್ರೆ ಎಂತ ಆಗುತ್ತೆ? ಶುರುವಲ್ಲಿ ಒಂದ್ಸಲ ಕೇಳಿ ಪಡೆದಿದ್ದು ಬರುತ್ತೆ, ಆಮೇಲೆ ಯಾರೂ ಕೇಳಲ್ಲ, ಕೇಳದೆ ಟಿವಿ ಹೇಳಲ್ಲ, ಅವಧಿ ಮುಗಿದ ಕೂಡ್ಲೇ ಬಕೆಟ್ ವಾಪಸ್ ಹೋಗುತ್ತೆ. ನಮ್ಮ ಮಂಟಪದಲ್ಲಿ ಆಗಿದ್ದು ನೂರಕ್ಕೆ ನೂರು ಇದೇ.

ಅಂಕಿ ನೋಡಿ. ಕ್ವೆರಿ ಕಳ್ಸೋ ಸಾಧನಕ್ಕೆ ಕ್ವೆರಿಯರ್ ಅಂತಾರೆ. ಡೀಫಾಲ್ಟ್ ಆಗಿ ಅದು 125 ಸೆಕೆಂಡಿಗೊಮ್ಮೆ ಎಲ್ಲರಿಗೂ ಅಂದ್ರೆ 224.0.0.1 ಅನ್ನೋ ವಿಳಾಸಕ್ಕೆ ಕ್ವೆರಿ ಕಳಿಸುತ್ತೆ. ಉತ್ತರ ಕೊಡೋಕೆ 10 ಸೆಕೆಂಡ್ ಟೈಮು, ಎಲ್ಲರೂ ಒಟ್ಟಿಗೆ ಕೂಗಬಾರ್ದು ಅಂತ ಪ್ರತಿ ಟಿವಿ ಆ 10 ಸೆಕೆಂಡಿನ ಒಳಗೆ ಮನಸ್ಸಿಗೆ ಬಂದ ಒಂದು ಕ್ಷಣ ಆರಿಸ್ಕೊಂಡು ಉತ್ತರಿಸುತ್ತೆ. ಮೆಸೇಜ್ ಕಳೆದುಹೋದ್ರೆ ಅಂತ ಒಂದು ಸಹನೆಯ ಅಂಕಿ ಇದೆ, ರೋಬಸ್ಟ್‌ನೆಸ್ ಅಂತ, ಅದು 2. ಹಾಗಾಗಿ ಸದಸ್ಯತ್ವದ ಆಯಸ್ಸು 2 ಸಲ 125, ಅದಕ್ಕೆ 10 ಸೇರಿಸಿ 260 ಸೆಕೆಂಡ್. ಆ ರಾತ್ರಿ ನನ್ನ ತಲೆ ತಿಂದ 4 ನಿಮಿಷ 20 ಸೆಕೆಂಡ್ ಇದೇ.

ಈ ಮೆಸೇಜ್‌ಗಳು ಐಪಿಯ ಮೇಲೆ ನೇರ ಕೂರ್ತವೆ, ಪ್ರೋಟೋಕಾಲ್ ನಂಬರ್ 2, ಟಿಟಿಎಲ್ 1. ಟಿಟಿಎಲ್ 1 ಅಂದ್ರೆ ಒಂದು ರೌಟರ್ ಕೂಡ ದಾಟಲ್ಲ, ಊಟದ ಹಾಲಿನ ಮಾತು ಊಟದ ಹಾಲಲ್ಲೇ ಉಳಿಯುತ್ತೆ.

ಹಂತ 3: ಸ್ನೂಪಿಂಗ್ ಎಂತ ಮಾಡುತ್ತೆ ತಿಳ್ಕೊಳ್ಳಿ

ಐಜಿಎಂಪಿ ಮಾಡಿದ್ದು ಟಿವಿ ಮತ್ತು ರೌಟರ್ ಮಧ್ಯೆ ಮಾತಾಡೋಕೆ. ನಡುವೆ ಇರೋ ಸ್ವಿಚ್ಚಿಗೆ ಅದರಲ್ಲಿ ಪಾತ್ರನೇ ಇಲ್ಲ, ಸಾದಾ ಸ್ವಿಚ್ ಮಲ್ಟಿಕಾಸ್ಟ್ ಬಂದ್ರೆ ಎಲ್ಲಾ ಪೋರ್ಟಿಗೂ ಸುರೀತದೆ. ಸಣ್ಣ ಜಾಗದಲ್ಲಿ ಇದೇನೂ ತೊಂದ್ರೆ ಅಲ್ಲ. ಆದ್ರೆ ಹತ್ತು ಹನ್ನೆರಡು ಚಾನೆಲ್ ಆದ್ರೆ 100 ಎಂಬಿಪಿಎಸ್‌ನ ಪೋರ್ಟಲ್ಲಿರೋ ಬಿಲ್ಲಿಂಗ್ ಕಂಪ್ಯೂಟರು, ಸಿಸಿಟಿವಿ ಕ್ಯಾಮೆರಾ, ವೈಫೈ ಡಬ್ಬ ಎಲ್ಲಾ ಆ ನೀರಲ್ಲಿ ಮುಳುಗ್ತವೆ. ಅದಕ್ಕೆ ಸ್ವಿಚ್ಚು ಹಾದುಹೋಗೋ ಐಜಿಎಂಪಿ ಮಾತನ್ನ ಕದ್ದು ಕೇಳಿ, ಯಾವ ಪೋರ್ಟಿನಿಂದ ಯಾವ ಗುಂಪಿಗೆ ರಿಪೋರ್ಟ್ ಬಂತು ಅಂತ ಪಟ್ಟಿ ಮಾಡ್ಕೊಂಡು ಅಲ್ಲಿಗೆ ಮಾತ್ರ ಕಳಿಸುತ್ತೆ. ಕದ್ದು ಕೇಳೋದೇ ಸ್ನೂಪಿಂಗ್. ಸ್ವಿಚ್ ಹೇಗೆ ನಡ್ಕೋಬೇಕು ಅಂತ 2006ರ ಆರ್‌ಎಫ್‌ಸಿ 4541ರಲ್ಲಿ ಬರೆದಿದಾರೆ, ಅದು ಸಲಹೆ ಮಾತ್ರ, ಕಡ್ಡಾಯದ ಸ್ಟಾಂಡರ್ಡ್ ಅಲ್ಲ, ಅದಕ್ಕೇ ಕಂಪನಿಯಿಂದ ಕಂಪನಿಗೆ ನಡವಳಿಕೆ ಬೇರೆ ಇರುತ್ತೆ.

ಕದ್ದು ಕೇಳೋನಿಗೆ ಯಾರಾದ್ರೂ ಮಾತಾಡ್ತಿರ್ಬೇಕು ಅಲ್ದಾ. ರೌಟರ್ ಕ್ವೆರಿ ಕಳಿಸ್ತಿಲ್ಲ ಅಂದ್ರೆ ಟಿವಿಗಳು ಸೇರುವಾಗ ಒಂದೆರಡು ಸಲ ಹೇಳಿ ಸುಮ್ಮನಾಗ್ತವೆ, ಸ್ವಿಚ್ಚು 260 ಸೆಕೆಂಡ್ ಕಾದು ಪಟ್ಟಿಯಿಂದ ತೆಗೆಯುತ್ತೆ. ಕೆಲವು ಸ್ವಿಚ್ ಕ್ವೆರಿಯರ್ ಇಲ್ಲ ಅಂತ ಗೊತ್ತಾದ್ರೆ ಸ್ನೂಪಿಂಗ್ ಬಿಟ್ಟು ಎಲ್ಲಾ ಕಡೆ ಸುರಿಯೋಕೆ ಶುರು ಮಾಡ್ತವೆ, ಆಗ ಚಿತ್ರ ನಿಲ್ಲಲ್ಲ ಆದ್ರೆ ನೆಟ್‌ವರ್ಕ್ ಭಾರ ಆಗುತ್ತೆ, ಇದು ಇನ್ನೂ ಮೋಸದ್ದು ಯಾಕಂದ್ರೆ ಕಣ್ಣಿಗೆ ಕಾಣಲ್ಲ.

ಎರಡು ಸ್ವಿಚ್ ಇದ್ದಾಗ ರೋಗ ಬೇರೆ ಥರ ಕಾಣುತ್ತೆ. ಸ್ವಿಚ್ಚು ತನಗೆ ಬಂದ ರಿಪೋರ್ಟನ್ನ ರೌಟರ್ ಇರೋ ಪೋರ್ಟಿಗೆ ಮಾತ್ರ ಮುಂದೆ ದಾಟಿಸುತ್ತೆ, ಬೇರೆ ಟಿವಿಗಳಿಗೆ ಕೇಳಿಸಲ್ಲ. ಕೇಳಿಸಿದ್ರೆ ಹಳೇ ಆವೃತ್ತಿಯ ಟಿವಿಗಳು "ಯಾರೋ ಹೇಳಿದ್ರಲ್ಲ" ಅಂತ ಸುಮ್ಮನಾಗಿ ಅವರ ಪೋರ್ಟು ಪಟ್ಟಿಗೇ ಬರಲ್ಲ. ಆ ರೌಟರ್ ಪೋರ್ಟು ಯಾವುದು ಅಂತ ಸ್ವಿಚ್ಚಿಗೆ ಗೊತ್ತಾಗೋದು ಕ್ವೆರಿ ಎಲ್ಲಿಂದ ಬಂತು ಅನ್ನೋದ್ರಿಂದ. ಕ್ವೆರಿನೇ ಇಲ್ಲ ಅಂದ್ರೆ ಬಾಲ್ಕನಿ ಸ್ವಿಚ್ಚಿನ ರಿಪೋರ್ಟು ಕೆಳಗಿನ ಸ್ವಿಚ್ಚಿಗೆ ಬರೋದೇ ಇಲ್ಲ. ನಮ್ಮಲ್ಲಿ ಎನ್‌ಕೋಡರ್ ಇದ್ದ ಸ್ವಿಚ್ಚಿನಲ್ಲೇ ಇದ್ದ ಟಿವಿಗಳು 260 ಸೆಕೆಂಡ್ ಓಡಿ ನಿಂತ್ವು, ಬಾಲ್ಕನಿ ಟಿವಿ ರಾತ್ರಿ ಪೂರ್ತಿ ಒಂದ್ಸಲನೂ ಬರ್ಲೇ ಇಲ್ಲ. ಆವಾಗ ಅವೆರಡೂ ಬೇರೆ ಬೇರೆ ಸಮಸ್ಯೆ ಅಂದ್ಕೊಂಡಿದ್ದೆ. ಒಂದೇ ಕಾರಣ.

ಹಂತ 4: ಗುಂಪಿನ ವಿಳಾಸ ಆರಿಸಿ

ಐಪಿವಿ4ರಲ್ಲಿ ಮಲ್ಟಿಕಾಸ್ಟ್‌ಗೆ ಇಟ್ಟಿರೋದು 224.0.0.0 ಇಂದ 239.255.255.255 ತನಕ. ನಿಮ್ಮ ಒಳಗಿನ ಬಳಕೆಗೆ 239ರಿಂದ ಶುರುವಾಗೋದನ್ನ ತಗೊಳ್ಳಿ, ಖಾಸಗಿ ಜಾಲಕ್ಕೆ ಅಂತಲೇ ಬಿಟ್ಟಿರೋ ಜಾಗ ಅದು. 224.0.0.x ಮುಟ್ಟಬೇಡಿ, ಅದು ಪ್ರೋಟೋಕಾಲ್‌ಗಳ ಸ್ವಂತ ಮಾತಿಗೆ, ರೌಟರ್ ಅದನ್ನ ದಾಟಿಸಲ್ಲ, ಸ್ವಿಚ್ಚುಗಳು ಅದನ್ನ ಸ್ನೂಪಿಂಗ್ ಇದ್ರೂ ಎಲ್ಲಾ ಪೋರ್ಟಿಗೆ ಬಿಡ್ತವೆ.

ಇಲ್ಲಿ ಒಂದು ಗುಂಡಿ ಇದೆ, ಬಹಳ ಜನ ಬೀಳ್ತಾರೆ. ಮಲ್ಟಿಕಾಸ್ಟ್ ಐಪಿ ವಿಳಾಸವನ್ನ ಈಥರ್ನೆಟ್ ವಿಳಾಸಕ್ಕೆ (ಸ್ವಿಚ್ಚು ನೋಡೋ ಮ್ಯಾಕ್ ವಿಳಾಸ) ಇಳಿಸುವಾಗ 01:00:5ಇ ಅನ್ನೋ ತಲೆ ಹಾಕಿ, ಐಪಿಯ ಕೊನೇ 23 ಬಿಟ್ ಮಾತ್ರ ಸೇರಿಸ್ತಾರೆ. ಗುಂಪನ್ನ ಗುರುತಿಸೋ ಬಿಟ್ ಇರೋದು 28, ಅದರಲ್ಲಿ 5 ಬಿಟ್ ಕಳೆದುಹೋಗುತ್ತೆ, ಹಾಗಾಗಿ 32 ಗುಂಪಿಗೆ ಒಂದೇ ಈಥರ್ನೆಟ್ ವಿಳಾಸ. ಉದಾಹರಣೆಗೆ 224.1.1.1 ಮತ್ತು 239.129.1.1 ಎರಡೂ 01:00:5ಇ:01:01:01 ಆಗ್ತವೆ. ಐಪಿ ನೋಡದೆ ಈಥರ್ನೆಟ್ ವಿಳಾಸ ನೋಡಿ ಪಟ್ಟಿ ಮಾಡೋ ಸ್ವಿಚ್ಚಿಗೆ ಇವೆರಡೂ ಒಂದೇ ಗುಂಪು. ಇದಕ್ಕಿಂತ ಕೆಟ್ಟದ್ದು 239.0.0.x ಮತ್ತು 239.128.0.x, ಇವು ಇಳಿದಾಗ 224.0.0.xನ ಈಥರ್ನೆಟ್ ವಿಳಾಸಕ್ಕೇ ಹೋಗಿ ಕೂರ್ತವೆ, ಸ್ನೂಪಿಂಗ್ ಎಷ್ಟು ಸರಿ ಮಾಡಿದ್ರೂ ಎಲ್ಲಾ ಪೋರ್ಟಿಗೆ ಸುರಿಯೋ ಸಾಧ್ಯತೆ ಇದೆ. ನಾನು ಈಗ ಎಲ್ಲಾ ಕಡೆ 239.10.1.1, 239.10.1.2 ಹೀಗೆ ಕೊಡ್ತೀನಿ, ಚಾನೆಲ್ಲಿಗೊಂದು.

ಸ್ವಿಚ್ಚಿನ ಪಟ್ಟಿಯಲ್ಲಿ 239.255.255.250 ಕಂಡ್ರೆ ಹೆದರ್ಬೇಡಿ, ಅದು ಟಿವಿ, ಫೋನು ಒಂದನ್ನೊಂದು ಹುಡುಕೋಕೆ ಬಳಸೋ ಗುಂಪು, ಎಲ್ಲಾ ಕಡೆ ಇರುತ್ತೆ.

ಹಂತ 5: ಯಾವ ಆವೃತ್ತಿ

ಮೊದಲ ಆವೃತ್ತಿಯಲ್ಲಿ ಬಿಟ್ಟು ಹೋಗ್ತೀನಿ ಅಂತ ಹೇಳೋ ಮೆಸೇಜೇ ಇರ್ಲಿಲ್ಲ, ಸುಮ್ಮನೆ ಎದ್ದು ಹೋಗೋದು. 1997ರ ಎರಡನೇ ಆವೃತ್ತಿ, ಆರ್‌ಎಫ್‌ಸಿ 2236, ಲೀವ್ ಮೆಸೇಜ್ ತಂತು, ಒಂದೇ ಗುಂಪಿನ ಬಗ್ಗೆ ಕೇಳೋ ಕ್ವೆರಿ ತಂತು, ಕ್ವೆರಿಯರ್ ಆರಿಸೋಕೆ ಒಂದು ನಿಯಮ ತಂತು. 2002ರ ಮೂರನೇ ಆವೃತ್ತಿ, ಆರ್‌ಎಫ್‌ಸಿ 3376, ಗುಂಪಿನ ಜೊತೆಗೆ "ಇಂಥವನು ಕಳ್ಸಿದ್ದು ಮಾತ್ರ ಬೇಕು" ಅಥವಾ "ಇಂಥವನದ್ದು ಬೇಡ" ಅಂತ ಹೇಳೋ ಅವಕಾಶ ಕೊಡ್ತು. ಇದರಲ್ಲಿ ರಿಪೋರ್ಟು 224.0.0.22 ಅನ್ನೋ ವಿಳಾಸಕ್ಕೆ ಹೋಗುತ್ತೆ, ಒಬ್ರು ಹೇಳಿದ್ರೆ ಉಳಿದೋರು ಸುಮ್ಮನಾಗೋ ಪದ್ಧತಿ ಹೋಯ್ತು, ಪ್ರತಿಯೊಬ್ರೂ ಹೇಳ್ಬೇಕು.

ಹೊಸ ಟಿವಿ, ಲಿನಕ್ಸ್, ವಿಂಡೋಸ್ ಎಲ್ಲಾ ಮೂರನ್ನ ಮಾತಾಡ್ತವೆ, ಎರಡನೇದರ ಕ್ವೆರಿ ಬಂದ್ರೆ ಇಳಿದು ಎರಡರಲ್ಲೇ ಉತ್ತರ ಕೊಡ್ತವೆ. ಹಾಗಾಗಿ ನನ್ನ ಅಭಿಪ್ರಾಯ, ಮಂಟಪ, ಹೋಂಸ್ಟೇ ಲೆಕ್ಕದ ಜಾಗಕ್ಕೆ ಕ್ವೆರಿಯರನ್ನ ಎರಡನೇ ಆವೃತ್ತಿಗೆ ಇಡಿ. ಹಳೇ ಸೆಟ್‌ಟಾಪ್ ಬಾಕ್ಸ್, ಅಗ್ಗದ ಸ್ವಿಚ್ಚು ಮೂರನೇದನ್ನ ಅರ್ಧಂಬರ್ಧ ಅರ್ಥ ಮಾಡ್ಕೊಂಡು ಕಾಟ ಕೊಡೋದು ನಾನು ನೋಡಿದೀನಿ. ಕಳ್ಸೋನ ಹೆಸರು ಹೇಳಿ ಕೇಳೋ ಪದ್ಧತಿ ನಿಮಗೆ ನಿಜವಾಗ್ಲೂ ಬೇಕಿದ್ರೆ, ಅದಕ್ಕೆ 232ರಿಂದ ಶುರುವಾಗೋ ವಿಳಾಸಗಳಿವೆ, ಆಗ ಮೂರನೇದು ಬೇಕೇ ಬೇಕು. ಒಂದೇ ಜಾಲದಲ್ಲಿ ಒಂದು ಸ್ವಿಚ್ಚು ಎರಡು, ಇನ್ನೊಂದು ಮೂರು ಅಂತ ಮಾತ್ರ ಇಡಬೇಡಿ.

ಹಂತ 6: ಕ್ವೆರಿಯರ್ ಕೂರಿಸಿ, ಇದೇ ಮುಖ್ಯ

ಮನೆ ಬಳಕೆಯ ಬ್ರಾಡ್‌ಬ್ಯಾಂಡ್ ರೌಟರ್ ಒಳಗಿನ ಜಾಲಕ್ಕೆ ಕ್ವೆರಿ ಕಳಿಸುತ್ತೆ ಅಂತ ನಂಬ್ಕೊಂಡು ಕೂರಬೇಡಿ, ಎಷ್ಟೋ ರೌಟರ್ ಕಳಿಸಲ್ಲ. ಮಲ್ಟಿಕಾಸ್ಟ್ ರೌಟಿಂಗ್ ಮಾಡೋ ದೊಡ್ಡ ರೌಟರ್ ಇದ್ರೆ ಅದು ತಾನೇ ಕ್ವೆರಿಯರ್ ಆಗುತ್ತೆ. ನಮ್ಮಂಥ ಜಾಗದಲ್ಲಿ ಅದು ಇರಲ್ಲ, ಹಾಗಾಗಿ ಮ್ಯಾನೇಜ್ಡ್ ಸ್ವಿಚ್ಚಿಗೇ ಆ ಕೆಲಸ ಕೊಡ್ಬೇಕು.

ಹೀಗೆ ಮಾಡಿ. ವಿಡಿಯೋಗೆ ಅಂತ ಒಂದು ವಿಎಲ್ಯಾನ್ (ಅದೇ ಸ್ವಿಚ್ಚುಗಳ ಒಳಗೆ ವಿಂಗಡಿಸಿದ ಪ್ರತ್ಯೇಕ ಜಾಲ) ಬೇರೆ ಮಾಡಿ, ನಾನು ಅದಕ್ಕೆ 20 ಅನ್ನೋ ನಂಬರ್ ಕೊಡ್ತೀನಿ. ಮುಖ್ಯ ಸ್ವಿಚ್ಚಿನಲ್ಲಿ ಆ ವಿಎಲ್ಯಾನಿಗೆ ಒಂದು ಐಪಿ ಕೊಡಿ, 192.168.20.2 ಅಂದ್ಕೊಳ್ಳಿ. ಐಜಿಎಂಪಿ ಸ್ನೂಪಿಂಗ್ ಮೆನುಗೆ ಹೋಗಿ ಮೊದ್ಲು ಇಡೀ ಸ್ವಿಚ್ಚಿಗೆ ಆನ್ ಮಾಡಿ, ಆಮೇಲೆ ವಿಎಲ್ಯಾನ್ 20ಕ್ಕೆ ಬೇರೆಯಾಗಿ ಆನ್ ಮಾಡಿ, ಎರಡೂ ಬೇಕು, ಒಂದನ್ನೇ ಮಾಡಿ ಬಿಡೋರು ಜಾಸ್ತಿ. ಅಲ್ಲೇ ಪಕ್ಕದಲ್ಲಿ ಕ್ವೆರಿಯರ್ ಅಂತ ಇನ್ನೊಂದು ಪುಟ ಇರುತ್ತೆ, ಅದನ್ನೂ ಆನ್ ಮಾಡಿ, ಆವೃತ್ತಿ 2, ಅಂತರ 125 ಸೆಕೆಂಡ್, ವಿಳಾಸ 192.168.20.2. ಪ್ರತಿ ವಿಎಲ್ಯಾನಿಗೂ ಕ್ವೆರಿಯರ್ ಬೇರೆ ಬೇರೆ ಬೇಕು ಅನ್ನೋದು ಮರೀಬೇಡಿ.

ವಿಳಾಸದ ಮೇಲೆ ಯಾಕೆ ಇಷ್ಟು ಒತ್ತಿ ಹೇಳ್ತಿದೀನಿ ಅಂದ್ರೆ, ಒಂದೇ ಜಾಲದಲ್ಲಿ ಇಬ್ರು ಕ್ವೆರಿ ಕಳ್ಸಿದ್ರೆ ಕಡಿಮೆ ಐಪಿ ಇರೋನು ಗೆಲ್ತಾನೆ, ಇನ್ನೊಬ್ಬ ಬಾಯಿ ಮುಚ್ಕೊಂಡು ಕಾಯ್ತಾನೆ. ಬೇರೆ ಒಂದು ಜಾಗದಲ್ಲಿ, ಕರಾವಳಿ ಕಡೆ, ಮುಖ್ಯ ಸ್ವಿಚ್ಚಿನ ವಿಳಾಸ ಕೊನೆಗೆ 10, ಮಹಡಿ ಮೇಲಿನ ಸಣ್ಣ ಸ್ವಿಚ್ಚಿನದ್ದು ಕೊನೆಗೆ 2 ಇತ್ತು, ಎರಡರಲ್ಲೂ ಕ್ವೆರಿಯರ್ ಆನ್. ಸಣ್ಣದೇ ಕ್ವೆರಿಯರ್ ಆಗಿ ಕೂತಿತ್ತು, ಯಾರಿಗೂ ಗೊತ್ತಿರ್ಲಿಲ್ಲ. ಜುಲೈ ಮಳೆ, ಕರೆಂಟ್ ಹೋಯ್ತು, ಮುಖ್ಯ ಸ್ವಿಚ್ಚು ಯುಪಿಎಸ್‌ನಲ್ಲಿ ಇತ್ತು, ಸಣ್ಣದು ಇರ್ಲಿಲ್ಲ. ಕೆಳಗಿನ ಟಿವಿಗಳು ಓಡ್ತಾ ಇದ್ವು, ನಾಲ್ಕು ನಿಮಿಷ ದಾಟಿದ ಮೇಲೆ ಕೆಲವು ಟಿವಿ ಒಂದು ಕ್ಷಣ ನಿಂತು ಮತ್ತೆ ಬಂದ್ವು, ಉಳಿದವಕ್ಕೆ ಏನೂ ಆಗ್ಲಿಲ್ಲ. ಕಾರಣ ಇಷ್ಟು: ಬಾಯಿ ಮುಚ್ಕೊಂಡು ಕಾಯ್ತಿದ್ದ ಕ್ವೆರಿಯರ್ 255 ಸೆಕೆಂಡ್ ಕಾದೇ ಎದ್ದೇಳೋದು, 125ರ ಎರಡು ಪಟ್ಟು ಮತ್ತು 10ರ ಅರ್ಧ. ಸದಸ್ಯತ್ವ ಸಾಯೋದು 260ಕ್ಕೆ. ನಡುವೆ ಇರೋದು ಬರೀ 5 ಸೆಕೆಂಡ್, ಹೊಸ ಕ್ವೆರಿಗೆ ಉತ್ತರ ಕೊಡೋಕೆ ಟಿವಿಗೆ 10 ಸೆಕೆಂಡ್ ತನಕ ಸ್ವಾತಂತ್ರ್ಯ ಇದೆ, ತಡ ಮಾಡಿದ ಟಿವಿಯ ಚಿತ್ರ ಒಂಚೂರು ಹೊತ್ತು ಹೋಗುತ್ತೆ. ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟು ಹೋಗಿ ಬಂದು ಮಾಡೋದು ದಿನಾ ಇರೋದೇ, ಹಾಗಾಗಿ ಅತೀ ಕಡಿಮೆ ಐಪಿ ಇರೋ ಕ್ವೆರಿಯರ್ ಯುಪಿಎಸ್ ಮೇಲಿರೋ, ಎಲ್ಲರ ನಡುವೆ ಇರೋ ಸ್ವಿಚ್ಚೇ ಆಗಿರ್ಬೇಕು. ಎರಡನೇದೊಂದು ಬ್ಯಾಕಪ್ ಇರ್ಲಿ, ಆದ್ರೆ ಅದರ ಐಪಿ ದೊಡ್ಡದಿರ್ಲಿ.

ಅಂತರವನ್ನ 125ರಿಂದ 30ಕ್ಕೆ ಇಳಿಸಿದ್ರೆ ಬೇಗ ಸರಿಯಾಗುತ್ತಲ್ಲ ಅಂತ ಅನಿಸ್ಬಹುದು. ಎರಡನೇ ಆವೃತ್ತಿಯಲ್ಲಿ ಈ ಅಂಕಿ ಕ್ವೆರಿಯ ಜೊತೆ ಹೋಗಲ್ಲ, ಎಲ್ಲಾ ಸ್ವಿಚ್ಚಿನಲ್ಲೂ ಕೈಯಲ್ಲೇ ಒಂದೇ ಥರ ಇಡ್ಬೇಕು, ಒಂದರಲ್ಲಿ ಮರೆತ್ರೆ ಹೊಸ ತೊಂದ್ರೆ. ನಾನು ಡೀಫಾಲ್ಟ್ ಮುಟ್ಟಲ್ಲ.

ಹಂತ 7: ಉಳಿದ ಸ್ವಿಚ್ಚುಗಳು

ಅವುಗಳಲ್ಲಿ ಸ್ನೂಪಿಂಗ್ ಮಾತ್ರ ಆನ್ ಮಾಡಿ, ಬ್ಯಾಕಪ್‌ಗೆ ಇಟ್ಟಿದ್ದೊಂದನ್ನ ಬಿಟ್ಟು ಬೇರೆ ಯಾವುದಕ್ಕೂ ಕ್ವೆರಿಯರ್ ಬೇಡ. ಕ್ವೆರಿ ಬಂದ ಪೋರ್ಟನ್ನ ತಾವೇ ರೌಟರ್ ಪೋರ್ಟ್ ಅಂತ ಕಲಿತ್ಕೊಳ್ತವೆ, ಎರಡು ನಿಮಿಷ ಬಿಟ್ಟು ಆ ಪಟ್ಟಿ ತೆಗೆದು ಮುಖ್ಯ ಸ್ವಿಚ್ಚಿಗೆ ಹೋಗೋ ಪೋರ್ಟ್ ಅಲ್ಲಿ ಇದ್ಯಾ ನೋಡಿ. ಗೊತ್ತಿಲ್ಲದ ಗುಂಪಿನದ್ದು ಬಂದ್ರೆ ಸುರಿಯೋದಾ ಬಿಸಾಕೋದಾ ಅಂತ ಒಂದು ಆಯ್ಕೆ ಇರುತ್ತೆ, ಎಲ್ಲಾ ಸರಿ ಓಡ್ತಿದೆ ಅಂತ ಖಾತ್ರಿ ಆದ್ಮೇಲೆ ಮಾತ್ರ ಬಿಸಾಕು ಅಂತ ಇಡಿ.

ಹಂತ 8: ಬಿಟ್ಟು ಹೋಗುವಾಗ

ಟಿವಿಯಲ್ಲಿ ಚಾನೆಲ್ ಬದಲಿಸಿದ್ರೆ ಎರಡನೇ ಆವೃತ್ತಿಯಲ್ಲಿ ಲೀವ್ ಮೆಸೇಜು 224.0.0.2ಗೆ ಹೋಗುತ್ತೆ. ಕ್ವೆರಿಯರ್ ತಕ್ಷಣ ನಿಲ್ಸಲ್ಲ, ಆ ಗುಂಪಿನ ಬಗ್ಗೆ ಮಾತ್ರ ಒಂದು ಸೆಕೆಂಡ್ ಅಂತರದಲ್ಲಿ ಎರಡು ಸಲ ಕೇಳುತ್ತೆ. ಪಾಯಸದ ಬಕೆಟ್ ಎತ್ಕೊಂಡು ಹೋಗೋ ಮುಂಚೆ "ಮತ್ಯಾರಿಗಾದ್ರೂ ಬೇಕಾ" ಅಂತ ತಿರುಗಿ ನೋಡಿದ ಹಾಗೆ. ಯಾರೂ ಅನ್ನದಿದ್ರೆ ಎರಡು ಸೆಕೆಂಡಿನಲ್ಲಿ ನಿಲ್ಲುತ್ತೆ. ಟಿವಿಯ ಪ್ಲಗ್ಗೇ ಕಿತ್ರೆ ಲೀವ್ ಬರಲ್ಲ, ಆಗ ಪೂರಾ 260 ಸೆಕೆಂಡ್ ಖಾಲಿ ಪೋರ್ಟಿಗೆ ಚಿತ್ರ ಹೋಗ್ಬಹುದು, ಅದರಿಂದ ನಷ್ಟ ಏನಿಲ್ಲ.

ಫಾಸ್ಟ್ ಲೀವ್ ಅಂತ ಒಂದು ಬಟನ್ ಸ್ವಿಚ್ಚಿನಲ್ಲಿ ಇರುತ್ತೆ, ಅದು ಈ ತಿರುಗಿ ಕೇಳೋದನ್ನ ಬಿಟ್ಟುಬಿಡುತ್ತೆ, ಲೀವ್ ಬಂದ ಕೂಡ್ಲೇ ಆ ಪೋರ್ಟು ಬಂದ್. ರೂಮಿಗೊಂದು ಪೋರ್ಟು, ಪೋರ್ಟಿಗೊಂದೇ ಟಿವಿ ಇರೋ ಹೋಟೆಲ್ಲಿಗೆ ಒಳ್ಳೇದು, ಚಾನೆಲ್ ಬದಲಿಸೋದು ಚುರುಕಾಗುತ್ತೆ. ಪೋರ್ಟಿನ ಕೆಳಗೆ ಇನ್ನೊಂದು ಸಣ್ಣ ಸ್ವಿಚ್ ನೇತಾಡ್ತಿದ್ರೆ ಹಾಕ್ಲೇಬೇಡಿ. ಊಟದ ಹಾಲಲ್ಲಿ ಎರಡು ಟಿವಿ ಒಂದೇ ಸಣ್ಣ ಸ್ವಿಚ್ಚಿನ ಕೆಳಗಿದ್ವು, ಒಂದನ್ನ ಬೇರೆ ಚಾನೆಲ್ಲಿಗೆ ಹಾಕಿದ್ರೆ ಪಕ್ಕದ್ದೂ ಕಪ್ಪಾಗ್ತಿತ್ತು, ಮುಂದಿನ ಕ್ವೆರಿ ಬರೋ ತನಕ.

ಹಂತ 9: ಟೆಸ್ಟ್ ಮಾಡಿ, 10 ನಿಮಿಷ ಕೂತ್ಕೊಂಡು

ಎರಡು ನಿಮಿಷದ ಟೆಸ್ಟ್ ಟೆಸ್ಟೇ ಅಲ್ಲ, ನಾನು ಅಲ್ಲೇ ಸೋತಿದ್ದು. 260 ಸೆಕೆಂಡ್ ದಾಟ್ಲೇಬೇಕು, ನಾನು 10 ನಿಮಿಷ ಇಡ್ತೀನಿ, ಟಿವಿ ಮುಟ್ಟದೆ.

ಲ್ಯಾಪ್‌ಟಾಪಲ್ಲಿ ವಿಎಲ್‌ಸಿ ತೆಗೆದು ಗುಂಪಿನ ವಿಳಾಸ ಮತ್ತು ಯುಡಿಪಿ ಪೋರ್ಟ್ ಕೊಟ್ಟು ತೆರೀರಿ. ಇನ್ನೊಂದು ಕಡೆ ಜಾಲದಲ್ಲಿ ಹೋಗಿ ಬರೋ ಮೆಸೇಜ್ ತೋರಿಸೋ ವೈರ್‌ಶಾರ್ಕ್ ಓಡಿಸಿ ಐಜಿಎಂಪಿ ಅಂತ ಫಿಲ್ಟರ್ ಹಾಕಿ, ಲಿನಕ್ಸ್ ಆದ್ರೆ ಟಿಸಿಪಿಡಂಪ್ ಸಾಕು. ವಿಎಲ್‌ಸಿ ತೆರೆದ ಕೂಡ್ಲೇ ನಿಮ್ಮ ರಿಪೋರ್ಟ್ ಹೋಗೋದು ಕಾಣ್ಬೇಕು, ಆಮೇಲೆ 125 ಸೆಕೆಂಡಿಗೊಂದು ಕ್ವೆರಿ ಬರ್ಬೇಕು, ಅದರ ಕಳಿಸಿದವನ ವಿಳಾಸ 192.168.20.2 ಇರ್ಬೇಕು. ಬೇರೆ ವಿಳಾಸ ಕಂಡ್ರೆ ಯಾರೋ ಕದ್ದು ಕ್ವೆರಿಯರ್ ಆಗಿದಾರೆ, ಹುಡುಕಿ. ಒಂದೂ ಕ್ವೆರಿ ಇಲ್ಲ ಅಂದ್ರೆ ಹಂತ 6ಕ್ಕೆ ವಾಪಸ್. ಆಮೇಲೆ ಸ್ವಿಚ್ಚಿನ ಗುಂಪಿನ ಪಟ್ಟಿ ತೆಗೀರಿ, 239.10.1.1ರ ಎದುರು ಟಿವಿ ಇರೋ ಪೋರ್ಟುಗಳು ಮಾತ್ರ ಇರ್ಬೇಕು.

ಇಲ್ಲಿ ಸಿಕ್ಕಿಬೀಳೋ ಜಾಗ ಮೂರು. ಲ್ಯಾಪ್‌ಟಾಪಿನಲ್ಲಿ ವೈಫೈ ಮತ್ತು ಕೇಬಲ್ ಎರಡೂ ಆನ್ ಇದ್ರೆ ರಿಪೋರ್ಟು ವೈಫೈ ಕಡೆಯಿಂದ ಹೋಗಿ, ಕೇಬಲ್ಲಿನಲ್ಲಿ ಕಾಯ್ತಾ ಕೂತ್ಕೋತೀರಿ, ವೈಫೈ ಆಫ್ ಮಾಡಿ. ಫೈರ್‌ವಾಲ್ ಬರೋ ಯುಡಿಪಿಯನ್ನ ತಡೆದ್ರೆ ಪಟ್ಟಿಯಲ್ಲಿ ಸದಸ್ಯ ಇರ್ತೀರಿ, ಚಿತ್ರ ಇರಲ್ಲ. ಲಿನಕ್ಸ್‌ನಲ್ಲಿ ಒಂದು ಪ್ರೋಗ್ರಾಂ ಒಂದೇ ಸಾಕೆಟ್‌ನಲ್ಲಿ ಸೇರ್ಬಹುದಾದ ಗುಂಪು ಡೀಫಾಲ್ಟ್ ಆಗಿ 20 ಮಾತ್ರ, ತುಂಬಾ ಚಾನೆಲ್ ರೆಕಾರ್ಡ್ ಮಾಡೋರು 21ನೇದಕ್ಕೆ ತಲೆ ಕೆರ್ಕೊಳ್ತಾರೆ, ಕರ್ನಲ್ ಸೆಟ್ಟಿಂಗಲ್ಲಿ ಏರಿಸ್ಬಹುದು.

ಹಂತ 10: ವೈಫೈ

ಆದಷ್ಟು ಟಿವಿಗೆ ಕೇಬಲ್ ಎಳೀರಿ. ವೈಫೈಯಲ್ಲಿ ಮಲ್ಟಿಕಾಸ್ಟ್ ಹೋಗುವಾಗ ಸಿಕ್ತಾ ಇಲ್ವಾ ಅಂತ ಯಾರೂ ಉತ್ತರ ಕೊಡಲ್ಲ, ಕಳೆದದ್ದು ಕಳೆದೇ ಹೋಯ್ತು, ಅದೂ ಅಲ್ದೆ ಎಲ್ಲರಿಗೂ ಮುಟ್ಟಲಿ ಅಂತ ನಿಧಾನದ ವೇಗದಲ್ಲಿ ಕಳಿಸ್ತದೆ, ಹಾಗಾಗಿ ಒಂದು ಚಿತ್ರ ಇಡೀ ಗಾಳಿಯನ್ನ ತಿನ್ನುತ್ತೆ. ಕುಮಟಾ ಹೊನ್ನಾವರ ಕಡೆ ಚಿರೇಕಲ್ಲಿನ ದಪ್ಪ ಗೋಡೆಯ ಮನೆಗಳಲ್ಲಿ ಮೊದಲೇ ಸಿಗ್ನಲ್ ಕಷ್ಟ. ವೈಫೈನೇ ಬೇಕು ಅಂದ್ರೆ ಮಲ್ಟಿಕಾಸ್ಟನ್ನ ಯುನಿಕಾಸ್ಟ್ ಮಾಡಿ ಕೊಡೋ ಆಯ್ಕೆ ಇರೋ ಆಕ್ಸೆಸ್ ಪಾಯಿಂಟ್ ತಗೊಳ್ಳಿ, ಅದೂ ಸ್ನೂಪಿಂಗ್ ಮಾಡಿ ಯಾವ ಫೋನು ಕೇಳ್ತಿದೆ ತಿಳ್ಕೊಂಡು ಅದಕ್ಕೆ ಬೇರೆ ಪ್ರತಿ ಕೊಡುತ್ತೆ.

ಹಂತ 11: ಬೇರೆ ವಿಎಲ್ಯಾನಿಗೆ ದಾಟಿಸ್ಬೇಕಾದ್ರೆ

ಐಜಿಎಂಪಿ ಒಂದು ಜಾಲದ ಒಳಗಿನ ಮಾತು ಮಾತ್ರ ಅಂದ್ನಲ್ಲ. ರೌಟರಿಂದ ರೌಟರಿಗೆ ಚಿತ್ರ ಒಯ್ಯೋಕೆ ಪಿಐಎಂ ಅನ್ನೋ ಬೇರೆ ಪ್ರೋಟೋಕಾಲ್ ಬೇಕು. ಇಲ್ಲಿ ಸದಸ್ಯ ಇದಾನೆ ಅಂತ ಐಜಿಎಂಪಿಯಿಂದ ತಿಳ್ಕೊಂಡ ರೌಟರು, ಕಳ್ಸೋನ ಕಡೆಗೆ ಪಿಐಎಂನಲ್ಲಿ ದಾರಿ ಕೇಳ್ತಾ ಹೋಗುತ್ತೆ, ಮರದ ಕೊಂಬೆ ಬುಡಕ್ಕೆ ಸೇರಿದ ಹಾಗೆ. ಅದರ ಸೆಟಪ್ಪೇ ಇನ್ನೊಂದು ದೊಡ್ಡ ಬರಹ ಆಗುತ್ತೆ. ಒಂದೇ ಮಾತು ಇಲ್ಲಿ ಹೇಳ್ತೀನಿ: ಚಿತ್ರ ಕಳ್ಸೋ ಸಾಫ್ಟ್‌ವೇರುಗಳಲ್ಲಿ ಎಷ್ಟೋ ಸಲ ಟಿಟಿಎಲ್ 1 ಅಂತಲೇ ಇರುತ್ತೆ, ರೌಟರ್ ಎಲ್ಲಾ ಸರಿ ಇದ್ರೂ ಮೊದಲ ರೌಟರಲ್ಲೇ ಸಾಯುತ್ತೆ, ಅದನ್ನ ಏರಿಸಿ.

ಐಪಿವಿ6 ಇದ್ರೆ

ಇದೇ ಕೆಲಸವನ್ನ ಎಂಎಲ್‌ಡಿ ಮಾಡುತ್ತೆ, ಬೇರೆ ಪ್ರೋಟೋಕಾಲ್ ನಂಬರ್ ಇಲ್ಲ, ಐಸಿಎಂಪಿವಿ6 ಒಳಗೇ ಸೇರಿದೆ. ಅದರ ಮೊದಲ ಆವೃತ್ತಿ 1999ರದ್ದು, ಐಜಿಎಂಪಿ ಎರಡಕ್ಕೆ ಸಮ, ಎರಡನೇದು 2004ರದ್ದು, ಐಜಿಎಂಪಿ ಮೂರಕ್ಕೆ ಸಮ. ಐಪಿವಿ6ರಲ್ಲಿ ಪಕ್ಕದವನ ಈಥರ್ನೆಟ್ ವಿಳಾಸ ಹುಡುಕೋದೂ ಮಲ್ಟಿಕಾಸ್ಟಲ್ಲೇ, ಹಾಗಾಗಿ ಎಂಎಲ್‌ಡಿ ಸ್ನೂಪಿಂಗ್ ಕ್ವೆರಿಯರ್ ಇಲ್ದೆ ಆನ್ ಮಾಡಿದ್ರೆ ಟಿವಿ ಬಿಡಿ, ಸಾದಾ ಇಂಟರ್ನೆಟ್ಟೇ ಆಗಾಗ ಕೈಕೊಡ್ಬಹುದು.

ಕೊನೆಗೆ ರ‍್ಯಾಕಿನ ಒಳಗೆ ಒಂದು ಚೀಟಿ

ನಾನು ಈಗ ಎಲ್ಲಾ ಜಾಗದಲ್ಲೂ ಸ್ವಿಚ್ಚಿನ ರ‍್ಯಾಕಿನ ಬಾಗಿಲಿನ ಒಳಗೆ ಒಂದು ಚೀಟಿ ಅಂಟಿಸ್ತೀನಿ, ಮಳೆಗಾಲದ ತೇವಕ್ಕೆ ಹಾಳಾಗದ ಹಾಗೆ ಪ್ಲಾಸ್ಟಿಕ್ ಹಾಕಿ. ವಿಡಿಯೋ ವಿಎಲ್ಯಾನ್ ನಂಬರ್, ಯಾವ ಚಾನೆಲ್ ಯಾವ ಗುಂಪು, ಯುಡಿಪಿ ಪೋರ್ಟ್, ಕ್ವೆರಿಯರ್ ಐಪಿ ಮತ್ತು ಅದು ಯಾವ ಸ್ವಿಚ್ಚು, ಬ್ಯಾಕಪ್ ಯಾವುದು, ಆವೃತ್ತಿ ಎಷ್ಟು, ಫಾಸ್ಟ್ ಲೀವ್ ಯಾವ ಪೋರ್ಟಿನಲ್ಲಿ ಆನ್. ಕೆಳಗೆ ದಪ್ಪ ಅಕ್ಷರದಲ್ಲಿ: ಚಿತ್ರ ನಾಲ್ಕು ನಿಮಿಷಕ್ಕೆ ನಿಂತ್ರೆ ಮೊದ್ಲು ಕ್ವೆರಿಯರ್ ನೋಡಿ, ಕೇಬಲ್ ಕೀಳಬೇಡಿ. ಆ ಶಿರಸಿ ಮಂಟಪದಲ್ಲಿ ಮುಂದಿನ ಆಟದ ದಿನ ಯಜಮಾನ್ರು ಊಟದ ಹಾಲಲ್ಲಿ ಗಡಿಯಾರದ ಕೆಳಗೇ ಕುರ್ಚಿ ಹಾಕ್ಕೊಂಡು ಕೂತಿದ್ರು, ಐದು ನಿಮಿಷ ಆಯ್ತು, ಹತ್ತಾಯ್ತು, ಭಾಗವತ್ರು ಪದ್ಯ ಮುಗಿಸಿ ಮುಂದಿನದ್ದಕ್ಕೆ ಹೋದ್ರು, ಅವರು ಎದ್ದು ರಂಗಸ್ಥಳದ ಎದುರಿಗೆ ಹೋಗಿ ಕೂತ್ರು.